ಮನೆಯ ಲೆಕ್ಕ: ಹಗುರಾದ ಲ್ಯಾಪ್‌ಟಾಪಿಗೆ ಎಷ್ಟು ವೇಗ ಬೇಕು?

ಒಡವೆ ಕೊಳ್ಳುವಾಗ ಒರೆಗಲ್ಲುಂಟು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವುದುಂಟು. ಸೀರೆ ಕೊಳ್ಳುವಾಗ ಸೆರಗನ್ನು ಬಿಚ್ಚಿ ಬೆಳಕಿಗೆ ಹಿಡಿಯುವುದುಂಟು. ತಲೆತಲಾಂತರದಿಂದ ಬಂದ ಈ ಪರೀಕ್ಷೆಗಳನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ. ಆದರೆ ಈಚೆಗೆ ನಮ್ಮ ಮನೆಗಳನ್ನು ಹೊಕ್ಕಿರುವ ಲ್ಯಾಪ್‌ಟಾಪ್ ಎಂಬ ಪದಾರ್ಥಕ್ಕೆ ಇಂಥ ಒರೆಗಲ್ಲು ಇನ್ನೂ ನಮ್ಮ ಕೈಗೆ ಬಂದಂತೆ ತೋರುವುದಿಲ್ಲ. ಅಂಗಡಿಯವನು ಪೆಟ್ಟಿಗೆಯ ಮೇಲಿನ ಅಂಕಿಯೊಂದನ್ನು ತೋರಿಸಿ, "ಇದು 4.6, ಅದು 5; ಅದೇ ಹೆಚ್ಚು ವೇಗದ್ದು" ಎನ್ನುವನು. ಅಂಕಿಯ ಅರ್ಥವೇನು, ಆ ವೇಗ ಎಷ್ಟು ಹೊತ್ತಿನದು, ನಮ್ಮ ಮನೆಯಲ್ಲಿ ಅದು ನಿಲ್ಲುವುದೋ ಇಲ್ಲವೋ ಎಂದು ಕೇಳುವವರು ವಿರಳ. ದೊಡ್ಡ ಅಂಕಿಗೆ ದೊಡ್ಡ ಬೆಲೆಯನ್ನು ತೆತ್ತು, ಮಗಳಿಗೆ ಒಳ್ಳೆಯದನ್ನೇ ಕೊಡಿಸಿದೆವೆಂಬ ಸಮಾಧಾನದಿಂದ ಬಸ್ಸು ಹತ್ತುವೆವು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳ ಮನೆಗಳನ್ನು ಕಣ್ಣಮುಂದೆ ಇರಿಸಿಕೊಂಡು ಈ ತಿಂಗಳ ಲೆಕ್ಕವನ್ನು ಬರೆಯುತ್ತಿದ್ದೇವೆ. ಇದಕ್ಕೆ ಕಾರಣವಿದೆ. 2009 ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ನೆಲೆಗೊಂಡಿದೆ. ಕಲಬುರಗಿ ನಗರದಲ್ಲಿ 1958 ರಷ್ಟು ಹಿಂದಿನ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು ಮೊದಲಾಗಿ ಅನೇಕ ವಿದ್ಯಾಸಂಸ್ಥೆಗಳಿವೆ. 2023 ರ ಜೂನ್ 11 ರಂದು ಮೊದಲಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಖರ್ಚು ಇಲ್ಲವಾದ ಮೇಲೆ ಹಳ್ಳಿಯಿಂದ ಕಾಲೇಜಿಗೆ ದಿನವೂ ಹೋಗಿಬರುವುದು ಎಷ್ಟೋ ಸುಲಭವಾಯಿತು. ಹೀಗೆ ಹೋಗುವ ವಿದ್ಯಾರ್ಥಿನಿಯ ಚೀಲದಲ್ಲಿ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ ಇವುಗಳ ಜೊತೆಗೆ ಲ್ಯಾಪ್‌ಟಾಪೂ ಇರತಕ್ಕದ್ದು. ಆದಕಾರಣ ಹಗುರಾದುದನ್ನು ಬಯಸುವುದು ಷೋಕಿಯಲ್ಲ, ಅವಶ್ಯಕತೆ. ಎರಡೂವರೆ ಕಿಲೋಗ್ರಾಮಿನ ಯಂತ್ರವನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ದಿನವೂ ಹೊತ್ತವರಿಗೆ ಒಂದೂಕಾಲು ಕಿಲೋಗ್ರಾಮಿನ ಬೆಲೆ ಏನೆಂಬುದು ಗೊತ್ತು.

ಇನ್ನು ಹಣದ ವಿಚಾರ. ಇವು ತೊಗರಿಯ ಸೀಮೆಗಳು. ಕಲಬುರಗಿಯ ತೊಗರಿಬೇಳೆಗೆ 2019 ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. 2025–26 ರ ಹಂಗಾಮಿಗೆ ಕೇಂದ್ರ ಸರಕಾರವು ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಒಂದೇ ಬಗೆಯ ಎರಡು ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನ ವೇಗದ್ದಕ್ಕೆ 16,000 ರೂಪಾಯಿ ಹೆಚ್ಚು ಕೇಳಿದರೆಂದು ಭಾವಿಸೋಣ. ಬೆಂಬಲ ಬೆಲೆಯು ಪೂರ್ತಿಯಾಗಿ ಕೈಸೇರಿದರೂ ಅದು ಎರಡು ಕ್ವಿಂಟಲ್ ತೊಗರಿಯಾಯಿತು. 2025 ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಹರಿದು ದಡದ ಹೊಲಗಳನ್ನು ಮುಳುಗಿಸಿದುದನ್ನು ಕಂಡವರಿಗೆ ಎರಡು ಕ್ವಿಂಟಲೆಂದರೆ ಎಷ್ಟು ಬೆವರೆಂಬುದನ್ನು ವಿವರಿಸಬೇಕಾಗಿಲ್ಲ. ಪೆಟ್ಟಿಗೆಯ ಮೇಲಿನ ಅಂಕಿ ಆ ಎರಡು ಕ್ವಿಂಟಲಿಗೆ ತಕ್ಕ ಪ್ರತಿಫಲವನ್ನು ಕೊಡುವುದೇ? ಇದೇ ನಮ್ಮ ಪ್ರಶ್ನೆ.

ವೇಗವೆಂದರೇನು?

ಲ್ಯಾಪ್‌ಟಾಪಿನ ಮಿದುಳಿಗೆ ಪ್ರೊಸೆಸರ್ ಎಂದು ಹೆಸರು. ಅದರೊಳಗೆ ಒಂದು ತಾಳ ನಡೆಯುತ್ತಿರುವುದು. ಪ್ರತಿಯೊಂದು ತಾಳಕ್ಕೂ ಅದು ಒಂದಿಷ್ಟು ಕೆಲಸವನ್ನು ಮಾಡುವುದು. ಸೆಕೆಂಡಿಗೆ ನೂರು ಕೋಟಿ ತಾಳಗಳಾದರೆ ಒಂದು ಗಿಗಾಹರ್ಟ್ಸ್. ಅಂಗಡಿಯವನು ತೋರಿಸುವ 4.6, 5 ಎಂಬ ಅಂಕಿಗಳು ಇವೇ. ತಾಳ ಬೇಗನೆ ಬಿದ್ದರೆ ಕೆಲಸವೂ ಬೇಗನೆ ಆಗುವುದೆಂಬ ತರ್ಕ ಮೇಲುನೋಟಕ್ಕೆ ಸರಿಯೆಂದೇ ತೋರುವುದು. ಆದರೆ ಒಂದು ತಾಳಕ್ಕೆ ಎಷ್ಟು ಕೆಲಸವಾಗುವುದೆಂಬುದು ಎಲ್ಲ ಪ್ರೊಸೆಸರುಗಳಲ್ಲಿಯೂ ಒಂದೇ ಅಲ್ಲ. ಬುಟ್ಟಿ ಚಿಕ್ಕದಾದವಳು ಹತ್ತು ಸಲ ಹೊತ್ತರೂ, ದೊಡ್ಡ ಬುಟ್ಟಿಯವಳು ಆರೇ ಸಲ ಹೊತ್ತು ಹೆಚ್ಚು ಗೊಬ್ಬರವನ್ನು ಹೊಲಕ್ಕೆ ಸೇರಿಸಬಹುದು.

ಈ ಮಾತಿಗೆ ಇತಿಹಾಸವೇ ಸಾಕ್ಷಿ. 1993 ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಮ್ ಹೊರಬಿದ್ದಾಗ ಅದರ ವೇಗ 60 ಮತ್ತು 66 ಮೆಗಾಹರ್ಟ್ಸ್, ಎಂದರೆ ಒಂದು ಗಿಗಾಹರ್ಟ್ಸಿನ ಹದಿನೈದನೆಯ ಪಾಲಿನಷ್ಟು. ಅಲ್ಲಿಂದ ಹನ್ನೊಂದು ವರ್ಷಗಳಲ್ಲಿ, 2004 ರ ಕೊನೆಗೆ, ಪೆಂಟಿಯಮ್ 4 ಎಂಬುದು 3.8 ಗಿಗಾಹರ್ಟ್ಸಿಗೆ ಏರಿತು. ಅಲ್ಲಿಗೆ ಏಣಿ ಮುಗಿಯಿತು. 4 ಗಿಗಾಹರ್ಟ್ಸಿನ ಪೆಂಟಿಯಮ್ ತರುವೆವೆಂದು ಹೇಳಿದ್ದ ಕಂಪನಿ ಅದೇ ವರ್ಷ ಆ ಸಂಕಲ್ಪವನ್ನು ಕೈಬಿಟ್ಟಿತು. ತಡೆದದ್ದು ಶಾಖ. ಅದಕ್ಕೆ ಮೊದಲೇ, 2003 ರಲ್ಲಿ, ಲ್ಯಾಪ್‌ಟಾಪಿಗೆಂದೇ ರಚಿತವಾದ ಪೆಂಟಿಯಮ್ ಎಂ ಎಂಬ ಪ್ರೊಸೆಸರ್ ಕಡಮೆ ಅಂಕಿಯಲ್ಲಿಯೇ ಹೆಚ್ಚು ಅಂಕಿಯ ಪೆಂಟಿಯಮ್ 4 ಕ್ಕೆ ಸರಿಗಟ್ಟಿ, ಬ್ಯಾಟರಿಯನ್ನೂ ಉಳಿಸಿ ತೋರಿಸಿತ್ತು. ಅಂದಿನಿಂದ ವಿದ್ವಾಂಸರು ತಾಳವನ್ನು ಬಿರುಸುಗೊಳಿಸುವ ಹಟವನ್ನು ಬಿಟ್ಟು, ಒಂದರ ಬದಲು ಎರಡು, ನಾಲ್ಕು, ಹತ್ತು ಕೋರ್‌ಗಳನ್ನು ಜೋಡಿಸಿ ಕೆಲಸವನ್ನು ಹಂಚುವ ದಾರಿಯನ್ನು ಹಿಡಿದರು.

ಕರಿ ಹರಿಯುವ ವೇಗ, ಕೂರಿಗೆಯ ವೇಗ

ಕಾರಹುಣ್ಣಿಮೆಯ ಸಂಜೆ ನಮ್ಮ ಊರುಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುವರಷ್ಟೆ. ಆ ಕ್ಷಣದಲ್ಲಿ ಮುಂದೆ ಬಂದ ಎತ್ತಿಗೆ ಊರೆಲ್ಲ ಜಯಕಾರ ಹಾಕುವುದು. ಆದರೆ ಮಾರನೆಯ ವಾರ ಮಳೆ ಬಿದ್ದು ಕೂರಿಗೆ ಹೂಡುವಾಗ ರೈತನು ನೂರು ಹೆಜ್ಜೆಯ ಓಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊತ್ತು ಮುಳುಗುವ ತನಕ ಒಂದೇ ಸಮ ನಡೆಯುವ ಎತ್ತು ಯಾವುದೆಂದು ನೋಡುವನು. ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಕರಿ ಹರಿಯುವ ವೇಗ. ಕೂರಿಗೆಯ ವೇಗವನ್ನು ಅಲ್ಲಿ ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ.

ಒಂದು ನಿಜವಾದ ಜೋಡಿಯನ್ನು ನೋಡೋಣ. 2023 ರಲ್ಲಿ ಬಂದ ಇಂಟೆಲ್ ಕೋರ್ ಐ5–1335ಯು ಮತ್ತು ಕೋರ್ ಐ7–1355ಯು ಎಂಬ ಎರಡು ಪ್ರೊಸೆಸರುಗಳು ಹಗುರಾದ ಲ್ಯಾಪ್‌ಟಾಪುಗಳಲ್ಲಿ ಹೇರಳವಾಗಿ ಸಿಕ್ಕಿದವು. ಎರಡರಲ್ಲಿಯೂ ಹತ್ತು ಕೋರ್‌ಗಳು. ಎರಡಲ್ಲಿಯೂ 12 ಮೆಗಾಬೈಟಿನ ಒಳಸಂಗ್ರಹ. ಮೊದಲನೆಯದರ ಪರಮಾವಧಿ ವೇಗ 4.6 ಗಿಗಾಹರ್ಟ್ಸ್, ಎರಡನೆಯದರದು 5. ವ್ಯತ್ಯಾಸ ನೂರಕ್ಕೆ ಒಂಬತ್ತರಷ್ಟು. ಆದರೆ ಈ ಎರಡರ ದೊಡ್ಡ ಕೋರ್‌ಗಳ ಮೂಲ ವೇಗ ಎಷ್ಟೆಂದು ಬಲ್ಲಿರಾ? ಒಂದರದು 1.3, ಇನ್ನೊಂದರದು 1.7. ಮೂಲ ವೇಗವೆಂದರೆ ನಿಗದಿಯಾದ ಶಕ್ತಿಯ ಮಿತಿಯೊಳಗೆ ನಿರಂತರವಾಗಿ ನಡೆಸಬಹುದೆಂದು ತಯಾರಕರು ಗೊತ್ತುಮಾಡಿದ ವೇಗ. ಆ ಶಕ್ತಿಯ ಮಿತಿ ಎರಡಕ್ಕೂ ಒಂದೇ: 15 ವಾಟ್. ಓಟದ ಹೊತ್ತಿನಲ್ಲಿ ಮಾತ್ರ 55 ವಾಟಿನವರೆಗೆ ಏರುವ ಅನುಮತಿಯುಂಟು. ಆದರೆ ಆ ಓಟ ಸಾಮಾನ್ಯವಾಗಿ ಕೆಲವು ಸೆಕೆಂಡುಗಳದು, ಬಹಳವೆಂದರೆ ಅರ್ಧ ನಿಮಿಷದ ಆಸುಪಾಸಿನದು. ಆಮೇಲೆ ತೆಳ್ಳಗಿನ ಒಡಲು ಕಾಯುವುದು, ಯಂತ್ರವು ತನ್ನ ರಕ್ಷಣೆಗಾಗಿ ತಾನೇ ನಿಧಾನಿಸುವುದು. ಒಂದೇ ಗಾತ್ರದ ಒಡಲು, ಒಂದೇ ಫ್ಯಾನು, ಒಂದೇ ಶಕ್ತಿಮಿತಿ ಇರುವಾಗ ಬಹಳ ಹೊತ್ತಿನ ಕೆಲಸದಲ್ಲಿ ಈ ಎರಡು ಎತ್ತುಗಳು ಹೆಚ್ಚುಕಡಮೆ ಜೊತೆಜೊತೆಗೇ ನಡೆಯುವುವೆಂದು ತಿಳಿಯಬೇಕು.

ಒಂದು ವೇಳೆ ಆ ಹೆಚ್ಚಿನ ವೇಗವು ಪೂರ್ತಿಯಾಗಿ ನಿಂತಿತೆಂದೇ ಒಪ್ಪಿಕೊಳ್ಳೋಣ. ಎರಡು ಸೆಕೆಂಡಿನಲ್ಲಿ ತೆರೆಯುತ್ತಿದ್ದ ಪುಟ 1.84 ಸೆಕೆಂಡಿನಲ್ಲಿ ತೆರೆಯುವುದು. ಕಣ್ಣು ರೆಪ್ಪೆ ಹೊಡೆಯುವ ಹೊತ್ತಿಗಿಂತ ದೊಡ್ಡದಲ್ಲದ ಈ ಉಳಿತಾಯವನ್ನು ಯಾವ ವಿದ್ಯಾರ್ಥಿನಿಯೂ ಗುರುತಿಸಲಾರಳು. ಗುರುತಿಸಲಾಗದ ಲಾಭಕ್ಕೆ ಎರಡು ಕ್ವಿಂಟಲ್ ತೊಗರಿಯನ್ನು ಅಳೆದು ಕೊಡುವುದು ಮನೆವಾರ್ತೆಯ ನೀತಿಯಲ್ಲ.

ನಮ್ಮ ಬಿಸಿಲಿನ ಮಾತು

ವೇಗಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ತುಸು ಬಿಡಿಸಿ ಹೇಳಬೇಕು. ಪ್ರೊಸೆಸರು ನುಂಗುವ ವಿದ್ಯುತ್ತು ತಾಳದ ವೇಗದಂತೆ ಹೆಚ್ಚುವುದು. ಅದಲ್ಲದೆ ಒತ್ತಡದ, ಎಂದರೆ ವೋಲ್ಟೇಜಿನ, ವರ್ಗದಂತೆಯೂ ಹೆಚ್ಚುವುದು. ತಾಳವನ್ನು ಬಿರುಸುಗೊಳಿಸಬೇಕಾದರೆ ಒತ್ತಡವನ್ನೂ ಏರಿಸಬೇಕಾಗುವುದರಿಂದ ಎರಡೂ ಕೂಡಿಕೊಂಡು ಲೆಕ್ಕ ಕೆಡುವುದು. ವೇಗವೂ ಒತ್ತಡವೂ ಹತ್ತನೆಯ ಒಂದು ಪಾಲು ಏರಿದುವೆಂದರೆ ಶಾಖವು ಮೂರನೆಯ ಒಂದು ಪಾಲು ಏರುವುದು. ಒಲೆಯ ಬಾಯಿಗೆ ಮೂರನೆಯ ಒಂದು ಪಾಲು ಹೆಚ್ಚು ಕಟ್ಟಿಗೆ ತುಂಬಿ ಹತ್ತನೆಯ ಒಂದು ಪಾಲು ಮಾತ್ರ ಹೆಚ್ಚು ರೊಟ್ಟಿ ಬೇಯಿಸಿದಂತಾಯಿತು. ಆ ಶಾಖವೆಲ್ಲ ಬೆರಳ ದಪ್ಪದ ಒಡಲಿನಿಂದ ಹೊರಗೆ ಹೋಗಬೇಕು.

ಹೊರಗೆ ಎಂದರೆ ಎಲ್ಲಿಗೆ? ಕೋಣೆಯ ಗಾಳಿಗೆ. ಅಂಗಡಿಯಲ್ಲಿ ಆ ಗಾಳಿ ತಂಪಾಗಿರುವುದು, ಏಕೆಂದರೆ ಅಲ್ಲಿ ಎ.ಸಿ. ನಡೆಯುತ್ತಿರುವುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಫಜಲಪುರದ ಇಲ್ಲವೆ ಜೇವರ್ಗಿಯ ತಗಡಿನ ಮಾಡಿನ ಕೆಳಗೆ ಅದು ಹೇಗಿರುವುದೆಂಬುದನ್ನು ನಾವು ಹೇಳಬೇಕಾಗಿಲ್ಲ. ಈ ಸೀಮೆಯಲ್ಲಿ ಬೇಸಗೆಯ ಹಗಲು 40 ಡಿಗ್ರಿಯನ್ನು ದಾಟುವುದು ವಿಶೇಷವಲ್ಲ. 43ನ್ನು ಮುಟ್ಟುವ ದಿನಗಳೂ ಉಂಟು. ಪ್ರೊಸೆಸರು ಸಹಿಸುವ ಮೇಲ್ಮಿತಿ ಸುಮಾರು 100 ಡಿಗ್ರಿ. ಕೋಣೆಯ ಗಾಳಿ 25 ಇದ್ದರೆ ಶಾಖವನ್ನು ಹೊರದೂಡಲು 75 ಡಿಗ್ರಿಯ ಇಳಿಜಾರು ದೊರೆಯುವುದು. ಕೋಣೆ 43 ಆದರೆ ಆ ಇಳಿಜಾರು 57 ಕ್ಕೆ ಇಳಿಯುವುದು. ಅದೇ ಫ್ಯಾನು ಅದೇ ಒಡಲಿನಿಂದ ಹೊರದೂಡಬಲ್ಲ ಶಾಖವು ಹೀಗೆ ನಾಲ್ಕರಲ್ಲೊಂದು ಪಾಲಿನಷ್ಟು ಕಡಮೆಯಾಗುವುದು. ಎಂದಮೇಲೆ ಪೆಟ್ಟಿಗೆಯ ಮೇಲಿನ 5 ಎಂಬ ಅಂಕಿ ತಂಪಾದ ಸೀಮೆಯವರಿಗೇ ಅಲ್ಪಕಾಲದ ಸುಖ. ನಮಗೆ ಮೇ ತಿಂಗಳ ಮಧ್ಯಾಹ್ನ ಅದು ಇನ್ನೂ ಅಲ್ಪಾಯು. ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಉದಾಹರಣೆಗೆ ಆಪಲ್ ಕಂಪನಿಯು ತನ್ನ ಲ್ಯಾಪ್‌ಟಾಪುಗಳನ್ನು 10 ರಿಂದ 35 ಡಿಗ್ರಿಯೊಳಗಿನ ಸ್ಥಳದಲ್ಲಿ ಬಳಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ನಾವು ಓದುವುದಿಲ್ಲ, ಅಷ್ಟೆ.

ಉಳಿದ ಹಣವನ್ನು ಎಲ್ಲಿ ಹಾಕಬೇಕು?

ಹಾಗಾದರೆ ಕಡಮೆ ಬೆಲೆಯದನ್ನೇ ಕೊಂಡು ಸುಮ್ಮನಾಗಬೇಕೋ ಎಂದು ವಾಚಕರು ಕೇಳಬಹುದು. ಹಾಗಲ್ಲ. ವೇಗದ ಅಂಕಿಯಲ್ಲಿ ಉಳಿಸಿದ ಹಣದ ಒಂದು ಪಾಲನ್ನು, ಕಣ್ಣಿಗೆ ಕಾಣದಿದ್ದರೂ ದಿನವೂ ಅನುಭವಕ್ಕೆ ಬರುವ ಅಂಗಗಳ ಮೇಲೆ ಹಾಕಬೇಕು. ಜೋಳದ ರೊಟ್ಟಿಯ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುವುದು. ಪ್ರೊಸೆಸರು ರೊಟ್ಟಿ ಬಡಿಯುವ ಕೈ. ರ್‍ಯಾಮ್ ಎಂಬುದು ಎದುರಿಗಿರುವ ಪರಾತ. ಡಿಸ್ಕ್ ಎಂಬುದು ಹಿಟ್ಟಿನ ಡಬ್ಬವಿರುವ ಒಳಕೋಣೆ. ಪರಾತ ಚಿಕ್ಕದಾದರೆ ಎರಡು ರೊಟ್ಟಿಗೊಮ್ಮೆ ಎದ್ದು ಒಳಕೋಣೆಗೆ ಹೋಗಬೇಕು. ಕೈ ಎಷ್ಟು ಚುರುಕಾಗಿದ್ದರೇನು, ಹೊತ್ತೆಲ್ಲ ಓಡಾಟದಲ್ಲಿಯೇ ಕಳೆಯುವುದು. ಲ್ಯಾಪ್‌ಟಾಪು "ಸುಸ್ತಾಯಿತು" ಎಂದು ಮಕ್ಕಳು ದೂರುವಾಗ ಬಹುಮಟ್ಟಿಗೆ ಸುಸ್ತಾದದ್ದು ಕೈಯಲ್ಲ, ಪರಾತ ತುಂಬಿದ್ದು.

ಇಂದಿನ ವಿದ್ಯಾರ್ಥಿನಿಗೆ ಪಾಠದ ವೀಡಿಯೊ, ಹತ್ತಿಪ್ಪತ್ತು ತೆರೆದ ಪುಟಗಳು, ಬರೆಯುತ್ತಿರುವ ಪ್ರಬಂಧ ಇವೆಲ್ಲ ಒಮ್ಮೆಗೇ ಬೇಕು. ಇದಕ್ಕೆ 8 ಗಿಗಾಬೈಟ್ ರ್‍ಯಾಮ್ ಕನಿಷ್ಠ. 16 ಇದ್ದರೆ ನಾಲ್ಕೈದು ವರ್ಷ ನಿಶ್ಚಿಂತೆ. ಹಗುರಾದ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ ರ್‍ಯಾಮನ್ನು ಒಳಗೇ ಬೆಸೆದಿರುವರು. ಮುಂದೆ ಹೆಚ್ಚಿಸಿಕೊಳ್ಳುವ ಅವಕಾಶವಿಲ್ಲ. ಆದಕಾರಣ ಈ ನಿರ್ಣಯವನ್ನು ಕೊಳ್ಳುವ ದಿನವೇ ಮಾಡತಕ್ಕದ್ದು. ಡಿಸ್ಕಿನ ವಿಚಾರದಲ್ಲಿ ಎಸ್‌ಎಸ್‌ಡಿ ಹೊರತು ಬೇರೆಯದನ್ನು ಒಪ್ಪಬಾರದು. ಹಳೆಯ ತಿರುಗುವ ಡಿಸ್ಕು ಅಲ್ಲಲ್ಲಿ ಚದುರಿದ ಚೂರುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಆರಿಸಿ ತರಬಲ್ಲುದು. ಎಸ್‌ಎಸ್‌ಡಿಯು ಸಾವಿರಾರು ಸಂಖ್ಯೆಯಲ್ಲಿ ತರುವುದು. ಯಾವ ಪ್ರೊಸೆಸರಿನ ಅಂಕಿಯೂ ಇಷ್ಟು ದೊಡ್ಡ ಅಂತರವನ್ನು ತರಲಾರದು.

ಹೊರದೇಶದ ಒಂದು ನಿದರ್ಶನ ಇಲ್ಲಿ ಹೇಳತಕ್ಕುದು. 2008 ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಮ್ಯಾಕ್‌ಬುಕ್ ಏರ್ ಎಂಬ ಹಗುರಾದ ಲ್ಯಾಪ್‌ಟಾಪನ್ನು ಅಂಚೆಯ ಲಕೋಟೆಯಿಂದ ಹೊರತೆಗೆದು ಸಭೆಗೆ ತೋರಿಸಿದರು. 1.6 ಗಿಗಾಹರ್ಟ್ಸಿನದಕ್ಕೆ 1,799 ಡಾಲರ್; 1.8 ರದು ಬೇಕಾದರೆ ಮತ್ತೆ 300 ಡಾಲರ್. ವೇಗ ಎಂಟರಲ್ಲೊಂದು ಪಾಲು ಹೆಚ್ಚು, ಬೆಲೆ ಆರರಲ್ಲೊಂದು ಪಾಲು ಹೆಚ್ಚು. ಆದರೆ ಆ 300 ಡಾಲರನ್ನು ತೆತ್ತವರಿಗೂ ದೊರೆತದ್ದು ಅದೇ 2 ಗಿಗಾಬೈಟ್ ರ್‍ಯಾಮ್, ಅದೂ ಬೆಸೆದದ್ದು. ಡಿಸ್ಕಿಗೆ ಬೇರೆ ಹಣ ಕೊಡದಿದ್ದರೆ ಅದೇ ನಿಧಾನವಾದ ತಿರುಗುವ ಡಿಸ್ಕು. 2010 ರ ಅಕ್ಟೋಬರಿನಲ್ಲಿ ಅದೇ ಕಂಪನಿ ಏರ್ ಅನ್ನು ಹೊಸತಾಗಿ ರಚಿಸಿದಾಗ ಚಿಕ್ಕದರ ವೇಗವನ್ನು 1.4 ಗಿಗಾಹರ್ಟ್ಸಿಗೆ ಇಳಿಸಿತು. ತಿರುಗುವ ಡಿಸ್ಕನ್ನು ಮಾತ್ರ ತೆಗೆದುಹಾಕಿ ಎಲ್ಲಕ್ಕೂ ಫ್ಲ್ಯಾಷ್ ಸಂಗ್ರಹವನ್ನೇ ಕೊಟ್ಟಿತು. ಬೆಲೆ 999 ಡಾಲರಿಗೆ ಇಳಿಯಿತು. ಅಂಕಿ ಇಳಿದರೂ ಯಂತ್ರವನ್ನು ತೆರೆಯುವುದು, ಕಡತವನ್ನು ಹುಡುಕುವುದು ಮುಂತಾದ ದಿನದಿನದ ಕೆಲಸಗಳು ಚುರುಕಾದುವು. ಸ್ವತಃ ತಯಾರಕರೇ ಹಿಡಿದ ದಾರಿ ಇದಾದ ಮೇಲೆ ಕೊಳ್ಳುವ ನಾವು ಹಿಡಿಯಲು ಸಂಕೋಚವೇಕೆ?

ಇನ್ನು ಬ್ಯಾಟರಿ. ವಿದ್ಯುತ್ತು ಹೋಗಿಬರುವ ಹಳ್ಳಿಗಳಲ್ಲಿ ಇದು ಎರಡನೆಯ ಸ್ಥಾನದ ಮಾತಲ್ಲ. 50 ವಾಟ್‌–ಗಂಟೆಯ ಬ್ಯಾಟರಿಯುಳ್ಳ ಯಂತ್ರವು 8 ವಾಟಿನಂತೆ ಸಾವಕಾಶವಾಗಿ ನಡೆದರೆ ಆರು ಗಂಟೆ ಬಾಳುವುದು. 25 ವಾಟಿನಂತೆ ದುಡಿಸಿದರೆ ಎರಡೇ ಗಂಟೆ. ರಾತ್ರಿ ಪರೀಕ್ಷೆಗೆ ಓದುವಾಗ ದೀಪ ಆರಿದರೆ ಉಪಯೋಗಕ್ಕೆ ಬರುವುದು ಆ ನಾಲ್ಕು ಗಂಟೆಗಳೇ ಹೊರತು 0.4 ಗಿಗಾಹರ್ಟ್ಸ್ ಅಲ್ಲ.

ಹೆಸರಿನ ಮೋಸ

ಹಳೆಯ ಲ್ಯಾಪ್‌ಟಾಪನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. "ಐ7 ಇದೆ, ಕಡಮೆ ಬೆಲೆಗೆ ಕೊಡುವೆವು" ಎಂಬ ಮಾತಿಗೆ ಎಷ್ಟೋ ಜನ ಮರುಳಾಗುವರು. ಐ5, ಐ7 ಎಂಬುವು ಜಾತಿಯ ಹೆಸರುಗಳಷ್ಟೇ. ವಯಸ್ಸನ್ನು ಅವು ಹೇಳುವುದಿಲ್ಲ. 2016 ರ ಕೋರ್ ಐ7–7500ಯು ಎಂಬುದರಲ್ಲಿ ಇದ್ದುವು ಎರಡೇ ಕೋರ್‌ಗಳು, ಪರಮಾವಧಿ 3.5 ಗಿಗಾಹರ್ಟ್ಸ್. ಮರುವರ್ಷ ಬಂದ ಕೋರ್ ಐ5–8250ಯು ಎಂಬುದರ ಪರಮಾವಧಿ 3.4, ಆದರೆ ಕೋರ್‌ಗಳು ನಾಲ್ಕು. ಹೆಸರೂ ಕಿರಿದು, ಅಂಕಿಯೂ ಕಿರಿದು, ಒಟ್ಟು ಕೆಲಸದ ಶಕ್ತಿ ಮಾತ್ರ ಹಿರಿದು. ಅಷ್ಟೇ ಅಲ್ಲ, ವಿಂಡೋಸ್ 10 ಕ್ಕೆ ಮೈಕ್ರೊಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು 2025 ರ ಅಕ್ಟೋಬರ್ 14 ರಂದು ಮುಗಿಯಿತು. ಅದರ ತರುವಾಯದ ವಿಂಡೋಸ್ 11 ಕ್ಕೆ ಕಂಪನಿಯು ಮಾನ್ಯಮಾಡಿದ ಪಟ್ಟಿಯಲ್ಲಿ ಆ ಐ5 ಇದೆ, ಆ ಐ7 ಇಲ್ಲ. ಹಲ್ಲು ಎಣಿಸದೆ ಎತ್ತು ಕೊಂಡರೆ ಏನಾಗುವುದೋ, ಪೂರ್ತಿ ಸಂಖ್ಯೆಯನ್ನು ಓದದೆ ಪ್ರೊಸೆಸರು ಕೊಂಡರೆ ಅದೇ ಆಗುವುದು.

ಯಾರಿಗೆ ಹೆಚ್ಚಿನ ವೇಗ ಬೇಕು?

ನ್ಯಾಯವಾಗಿ ಹೇಳಬೇಕಾದರೆ ಕೆಲವರಿಗೆ ವೇಗ ನಿಜವಾಗಿಯೂ ಬೇಕು. ಗಂಟೆಗಟ್ಟಲೆ ವೀಡಿಯೊ ಸಂಕಲನ ಮಾಡುವವರು, ಕಟ್ಟಡ ಅಥವಾ ಯಂತ್ರಗಳ ದೊಡ್ಡ ನಕ್ಷೆಗಳನ್ನು ರಚಿಸುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ದೊಡ್ಡ ಅಂಕಿಅಂಶಗಳ ಮೇಲೆ ಲೆಕ್ಕ ನಡೆಸುವವರು ಇಂಥವರು. ಆದರೆ ಇವರಿಗೆ ಬೇಕಾದುದು ಹಗುರಾದ ಯಂತ್ರದ ಮೇಲಿನ ದೊಡ್ಡ ಅಂಕಿಯಲ್ಲ. ಒಳ್ಳೆಯ ಫ್ಯಾನುಗಳುಳ್ಳ, ತುಸು ದಪ್ಪವಾದ, ತುಸು ಭಾರವಾದ ಯಂತ್ರ. ಅಲ್ಲಿ ಕೊಟ್ಟ ವೇಗ ನಿಲ್ಲುವುದು. ಹಗುರವೂ ಬೇಕು, ಇಡೀ ದಿನದ ವೇಗವೂ ಬೇಕು ಎಂದರೆ ಕುದುರೆಯ ಮೇಲೆ ಬಂಡಿಯ ಹೇರು ಹೇರಿದಂತೆ. ಕಲೆ, ವಾಣಿಜ್ಯ, ಶಿಕ್ಷಣ, ಸಮಾಜವಿಜ್ಞಾನ, ಸಾಮಾನ್ಯ ವಿಜ್ಞಾನ ಇವುಗಳ ವಿದ್ಯಾರ್ಥಿಗಳಿಗೂ, ಕಾರ್ಯಕ್ರಮ ಬರೆಯುವುದನ್ನು ಆರಂಭಿಸಿ ಕಲಿಯುವವರಿಗೂ ಈಚಿನ ಮಧ್ಯಮ ತರಗತಿಯ ಯಾವ ಪ್ರೊಸೆಸರೂ ಸಾಕು.

ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳು

ಕಲಬುರಗಿಯ ಪೇಟೆಗೆ ಹೋಗುವ ಮೊದಲು ಈ ಆರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ.

1. ಪ್ರೊಸೆಸರಿನ ಪೂರ್ತಿ ಸಂಖ್ಯೆ ಯಾವುದು? ಅದು ಯಾವ ವರ್ಷ ಹೊರಬಂದುದು? ಬಿಲ್ಲಿನ ಮೇಲೆ ಆ ಸಂಖ್ಯೆಯನ್ನೇ ಬರೆಯಿಸಿಕೊಳ್ಳಿರಿ.

2. ರ್‍ಯಾಮ್ ಎಷ್ಟು? ಬೆಸೆದದ್ದೋ, ಮುಂದೆ ಹೆಚ್ಚಿಸಬಹುದೋ?

3. ಎಸ್‌ಎಸ್‌ಡಿ ಎಷ್ಟು? 512 ಗಿಗಾಬೈಟ್ ಇದ್ದರೆ ಮೇಲು. 256 ಕ್ಕಿಂತ ಕಡಮೆ ಬೇಡ.

4. ಬ್ಯಾಟರಿ ಎಷ್ಟು ವಾಟ್‌–ಗಂಟೆಯದು? "ಹತ್ತು ಗಂಟೆ ಬರುತ್ತದೆ" ಎಂಬ ಮಾತಿಗಿಂತ ಈ ಅಂಕಿ ನಂಬಿಕೆಗೆ ಯೋಗ್ಯ.

5. ಫ್ಯಾನು ಉಂಟೋ? ಗಾಳಿ ಎಲ್ಲಿಂದ ಒಳಗೆ ಬಂದು ಎಲ್ಲಿ ಹೊರಗೆ ಹೋಗುವುದು? ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ವೀಡಿಯೊ ಮತ್ತು ಹಲವು ಪುಟಗಳನ್ನು ಕೂಡಿಯೇ ತೆರೆದು ಕಾಲು ಗಂಟೆಯ ಮೇಲೆ ಕೈಯಿಟ್ಟು ನೋಡಿರಿ.

6. ಕೆಟ್ಟರೆ ರಿಪೇರಿ ಎಲ್ಲಿ? ಮನೆಗೇ ಬಂದು ಸರಿಪಡಿಸುವ ವಾರಂಟಿಯಾದರೆ ನಿಮ್ಮ ಊರಿನ ಪಿನ್‌ಕೋಡಿಗೆ ಅದು ಅನ್ವಯಿಸುವುದೋ? ಅಂಗಡಿಯವನ ಬಾಯಿಮಾತಿಗಿಂತ ಕಂಪನಿಯ ಸಹಾಯವಾಣಿಯ ಉತ್ತರವೇ ಪ್ರಮಾಣ.

ಏಳನೆಯ ಪ್ರಶ್ನೆಯೊಂದನ್ನು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿಯೇ ಕೇಳತಕ್ಕುದು. ಓದುವವಳು ಯಾವ ಕೆಲಸಕ್ಕೆ ಇದನ್ನು ಬಳಸುವಳು? ಆಕೆಯನ್ನು ಬಿಟ್ಟು ಹಿರಿಯರು ಮಾತ್ರ ಪೇಟೆಗೆ ಹೋಗಿ ತರುವ ಪದ್ಧತಿ ಹಲವೆಡೆ ಉಂಟು. ಕೀಲಿಮಣೆಯ ಮೇಲೆ ಬೆರಳಿಡುವವಳೂ, ಹೆಗಲ ಮೇಲೆ ಹೊರುವವಳೂ ಆಕೆಯೇ ಆದುದರಿಂದ ಆಕೆಯನ್ನು ಕರೆದೊಯ್ದು, ಆಕೆಯ ಕೈಯಿಂದಲೇ ಎತ್ತಿಸಿ, ಬರೆಯಿಸಿ ನೋಡಿರಿ.

ತಂದ ಮೇಲಿನ ಜೋಪಾನ

ಲ್ಯಾಪ್‌ಟಾಪನ್ನು ಕೌದಿಯ ಮೇಲೆ, ಹಾಸಿಗೆಯ ಮೇಲೆ ಇಟ್ಟು ದುಡಿಸಬಾರದು; ಕೆಳಗಿನ ಗಾಳಿಗಂಡಿ ಮುಚ್ಚಿಹೋಗಿ ಉಸಿರು ಕಟ್ಟುವುದು. ಒಂದು ಹಲಗೆ, ಅದೂ ಇಲ್ಲದಿದ್ದರೆ ಒಂದು ಗಟ್ಟಿ ಪುಸ್ತಕ ಸಾಕು. ಬೇಸಗೆಯಲ್ಲಿ ಭಾರವಾದ ಕೆಲಸಗಳನ್ನು ಬೆಳಗಿನ ಜಾವಕ್ಕೂ ರಾತ್ರಿಗೂ ಇಟ್ಟುಕೊಳ್ಳುವುದು ಲೇಸು. ಹೊಲದ ಕೆಲಸಕ್ಕೆ ನಾವು ಯಾವಾಗಿನಿಂದಲೂ ಪಾಲಿಸುತ್ತ ಬಂದ ಕ್ರಮವೇ ಇದು. ರಾಶಿಯ ಕಾಲದ ಧೂಳು ಫ್ಯಾನಿನ ಎಸಳುಗಳಿಗೆ ಅಂಟುವುದರಿಂದ ವರ್ಷಕ್ಕೊಮ್ಮೆ ತಿಳಿದವರಿಂದ ಒಳಗನ್ನು ಶುಚಿಮಾಡಿಸಬೇಕು. ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಟ್ಟುಬರುವುದು ಬ್ಯಾಟರಿಗೆ ವಿಷ. ಸದಾ ತಂತಿಗೆ ಸಿಕ್ಕಿಸಿಯೇ ಬಳಸುವವರು, ಯಂತ್ರದಲ್ಲಿ ಅವಕಾಶವಿದ್ದರೆ, ಬ್ಯಾಟರಿಯು ನೂರಕ್ಕೆ 80 ತುಂಬಿದೊಡನೆ ನಿಲ್ಲುವಂತೆ ಗೊತ್ತುಮಾಡಿಕೊಳ್ಳಬೇಕು. ವಿದ್ಯುತ್ತಿನ ಏರುಪೇರನ್ನು ತಡೆಯುವ ಸಣ್ಣ ಸಾಧನವೊಂದನ್ನು ಗೋಡೆಗೂ ತಂತಿಗೂ ನಡುವೆ ಇಡುವುದು ವಿವೇಕ. ಇವಿಷ್ಟನ್ನು ಮಾಡಿದರೆ ಸಾಧಾರಣ ಅಂಕಿಯ ಯಂತ್ರವೂ, ಹೆಚ್ಚು ಬೆಲೆಯದಾದರೂ ಆರೈಕೆಯಿಲ್ಲದ ಯಂತ್ರಕ್ಕಿಂತ ಮುಂದೆ ನಿಲ್ಲುವುದರಲ್ಲಿ ಸಂದೇಹವಿಲ್ಲ.

ಒಟ್ಟಿನಲ್ಲಿ ಹೇಳಬೇಕಾದುದು ಇಷ್ಟು. ಹಗುರಾದ ಲ್ಯಾಪ್‌ಟಾಪಿನಲ್ಲಿ ಎರಡು ಸಮೀಪದ ವೇಗಗಳ ನಡುವೆ ಆರಿಸಬೇಕಾಗಿ ಬಂದಾಗ ಕಿರಿಯದನ್ನು ಆರಿಸಿರಿ. ಉಳಿದ ಹಣದ ಮೊದಲ ಪಾಲನ್ನು ರ್‍ಯಾಮಿಗೆ, ಎರಡನೆಯದನ್ನು ಎಸ್‌ಎಸ್‌ಡಿ ಮತ್ತು ಬ್ಯಾಟರಿಗೆ ಕೊಡಿರಿ. ಇನ್ನೂ ಉಳಿದುದು ಆಕೆಯ ಪುಸ್ತಕಗಳಿಗೂ ಪರೀಕ್ಷೆಯ ಶುಲ್ಕಕ್ಕೂ ಇರಲಿ. ಮನೆಯಿಂದ ಮೊದಲ ಬಾರಿಗೆ ಪದವಿಯ ಓದಿಗೆ ಹೊರಟ ಹುಡುಗಿಗೆ ಈ ಯಂತ್ರವು ಮೂರು ನಾಲ್ಕು ವರ್ಷ ಕೈಕೊಡದೆ ನಡೆಯಬೇಕು. ಮೊದಲ ವರ್ಷವೇ ಅದು ಮುಗ್ಗರಿಸಿದರೆ ಮತ್ತೊಂದನ್ನು ಕೊಡಿಸುವ ಬಲ ಎಲ್ಲ ಮನೆಗಳಿಗೂ ಇರುವುದಿಲ್ಲ. ಆಗ ನಿಲ್ಲುವುದು ಯಂತ್ರ ಮಾತ್ರವಲ್ಲ, ಓದೂ ನಿಲ್ಲಬಹುದು. ಆದುದರಿಂದಲೇ ಇದನ್ನು ಅಂಗಡಿಯವನ ಲೆಕ್ಕವೆಂದು ಬಿಡದೆ ಮನೆಯ ಲೆಕ್ಕವೆಂದು ಬರೆದೆವು.